ಪುಸ್ತಕದ 3,000 ಅಡಿ, ಬಳ್ಳಾರಿಯ 1,400 ಅಡಿ

ಪೈಲಟ್ ಆಗಲು ಏರ್ ರೆಗ್ಯುಲೇಷನ್ಸ್ ಪರೀಕ್ಷೆಗೆ ಕೂರುವವರಿಗೆಲ್ಲ ವಿಎಫ್‌ಆರ್ (ಕಣ್ಣಿಂದ ಹೊರಗೆ ನೋಡಿಕೊಂಡು ಹಾರುವ ನಿಯಮ) ಮಿನಿಮಾದ, ಅಂದರೆ ಕನಿಷ್ಠ ಹವಾಮಾನ ಮಿತಿಗಳ ಕೋಷ್ಟಕ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. 5 ಕಿಲೋಮೀಟರ್ ಗೋಚರತೆ, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ. ಅದೇ ವಿದ್ಯಾರ್ಥಿಯನ್ನು ನಿಲ್ಲಿಸಿ, 'ಬಳ್ಳಾರಿ ಬಳಿಯ ತೋರಣಗಲ್ಲು ವಿಮಾನ ನಿಲ್ದಾಣದ ಮೇಲೆ ಬಿಕೆಎನ್015 ಇದೆ, ಸರ್ಕ್ಯೂಟ್ ಹಾರಬಹುದಾ?' ಎಂದು ಕೇಳಿ. (ಬಿಕೆಎನ್015 ಎಂದರೆ ನೆಲದಿಂದ 1,500 ಅಡಿಗೆ ಆಕಾಶದ ಅರ್ಧಕ್ಕಿಂತ ಹೆಚ್ಚು ಮುಚ್ಚಿದ ಮೋಡ, ಸರ್ಕ್ಯೂಟ್ ಎಂದರೆ ರನ್‌ವೇ ಸುತ್ತ ಹಾಕುವ ಸುತ್ತು, ಸೀಲಿಂಗ್ ಎಂದರೆ ಅಂಥ ಮೋಡದ ತಳ.) ಹತ್ತರಲ್ಲಿ ಎಂಟು ಜನ 'ಸೀಲಿಂಗ್ 1,500 ಇದೆಯಲ್ಲ, ಹಾರಬಹುದು' ಎನ್ನುತ್ತಾರೆ. ಅರ್ಧ ಸರಿ. ಉಳಿದರ್ಧಕ್ಕೆ ಈ ಬರಹ.

ತೊಂದರೆ ಇರುವುದು ಕೋಷ್ಟಕವನ್ನು ಮರೆಯುವುದರಲ್ಲಿ ಅಲ್ಲ. ಅದರಲ್ಲಿರುವ ಒಂದೊಂದು ಅಂಕಿಯನ್ನು ಒಂದೊಂದು ಕಡೆಯಿಂದ ಅಳೆದಿದ್ದಾರೆ ಎಂಬುದನ್ನು ಮರೆಯುವುದರಲ್ಲಿ ಇದೆ. ಒಂದು ಸಮುದ್ರ ಮಟ್ಟದಿಂದ, ಒಂದು ನೆಲದಿಂದ, ಇನ್ನೊಂದು ಮೋಡದಿಂದ, ಮತ್ತೊಂದು 1013.2 ಹೆಕ್ಟೋಪಾಸ್ಕಲ್ ಎಂಬ ಕಾಲ್ಪನಿಕ ರೇಖೆಯಿಂದ. ಕರಾವಳಿಯಲ್ಲಿ ಕಲಿಯುವವನಿಗೆ ಮೊದಲೆರಡೂ ಹೆಚ್ಚುಕಡಿಮೆ ಒಂದೇ. ನಮ್ಮ ಕಡೆ ಹಾಗಲ್ಲ. ಬಳ್ಳಾರಿಯ ನೆಲವೇ ಸಮುದ್ರ ಮಟ್ಟದಿಂದ ಸುಮಾರು 1,600 ಅಡಿ ಮೇಲಿದೆ. ಕೊಪ್ಪಳ 1,700ರ ಆಸುಪಾಸು, ರಾಯಚೂರು 1,300ರ ಆಸುಪಾಸು. ಇದನ್ನು ಕಳೆಯದೆ ಹಾಕಿದ ಲೆಕ್ಕವೆಲ್ಲ ತಪ್ಪು ಲೆಕ್ಕ.

<b>ಮೊದಲು ಏರ್‌ಸ್ಪೇಸ್</b>

ಏರ್‌ಸ್ಪೇಸನ್ನು, ಅಂದರೆ ಹಾರುವ ಆಕಾಶವನ್ನು, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಎ ಯಿಂದ ಜಿ ವರೆಗೆ ಏಳು ವರ್ಗ ಮಾಡಿದೆ. ನಮ್ಮ ಎಐಪಿಯಲ್ಲಿ (ದೇಶದ ಅಧಿಕೃತ ವಿಮಾನಯಾನ ಮಾಹಿತಿ ಪುಸ್ತಕ), ತರಬೇತಿ ವಿಮಾನ ಓಡಾಡುವ ಎತ್ತರಗಳಲ್ಲಿ, ನಿಮಗೆ ಬೇಕಾಗುವುದು ನಾಲ್ಕೇ: ಡಿ, ಇ, ಎಫ್, ಜಿ. ಯೂಟ್ಯೂಬಿನಲ್ಲಿ ಅಮೆರಿಕದ ಪಾಠ ನೋಡಿ ಬಿ ವರ್ಗದ 'ತಲೆಕೆಳಗಾದ ಮದುವೆ ಕೇಕ್' ಚಿತ್ರವನ್ನು ತಲೆಯಲ್ಲಿ ತುಂಬಿಕೊಂಡವರು ಅದನ್ನು ಅಲ್ಲೇ ಬಿಟ್ಟುಬನ್ನಿ. ಅಲ್ಲಿನ ಅಂಕಿಗಳೂ ಬೇರೆ. ಅವರ ಡಿ ವರ್ಗದಲ್ಲಿ ಗೋಚರತೆ 3 ಸ್ಟ್ಯಾಚೂಟ್ ಮೈಲಿ, ಮೋಡದ ಕೆಳಗೆ 500 ಅಡಿ, ಮೇಲೆ 1,000 ಅಡಿ, ಅಡ್ಡಕ್ಕೆ 2,000 ಅಡಿ. ಅವರ ಜಿ ವರ್ಗದಲ್ಲಿ ಹಗಲು ಹೊತ್ತು, ನೆಲದಿಂದ 1,200 ಅಡಿಯೊಳಗೆ, ಒಂದೇ ಮೈಲಿ ಕಂಡರೂ ಹಾರಬಹುದು. ಆ ಒಂದು ಮೈಲಿಯನ್ನು ನಂಬಿ ಭಾರತದಲ್ಲಿ ಹೊರಟರೆ ನಿಯಮ ಮುರಿದ ಹಾಗೆ.

ಡಿ ಎಂದರೆ ಎಟಿಸಿ (ವಾಯು ಸಂಚಾರ ನಿಯಂತ್ರಣ) ಇರುವ ನಿಲ್ದಾಣಗಳ ಸುತ್ತಲಿನ ನಿಯಂತ್ರಣ ವಲಯ ಮತ್ತು ಅದರ ಮೇಲಿನ ಟರ್ಮಿನಲ್ ಪ್ರದೇಶ. ಇಲ್ಲಿ ಎರಡೂ ಕಡೆಯ ರೇಡಿಯೋ ಸಂಪರ್ಕ ಬೇಕು, ಒಳಗೆ ಬರಲು ಕ್ಲಿಯರೆನ್ಸ್ ಬೇಕು. ಟವರ್ ನಿಮ್ಮ ಕಾಲ್‌ಸೈನ್ ಹೇಳಿ 'ಸ್ಟ್ಯಾಂಡ್‌ಬೈ' ಎಂದರೆ ಅಮೆರಿಕದ ಡಿ ವರ್ಗದಲ್ಲಿ ಒಳಗೆ ಹೋಗಬಹುದು. ನಮ್ಮಲ್ಲಿ ಹಾಗಿಲ್ಲ, ಸ್ಟ್ಯಾಂಡ್‌ಬೈ ಎಂದರೆ ಹೊರಗೇ ಕಾಯುವುದು. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಡಿ ವರ್ಗದಲ್ಲಿ ಎಟಿಸಿ ಐಎಫ್‌ಆರ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿ ಹಾರುವ ನಿಯಮದ) ವಿಮಾನವನ್ನು ಐಎಫ್‌ಆರ್ ವಿಮಾನದಿಂದ ಮಾತ್ರ ಬೇರ್ಪಡಿಸುತ್ತದೆ. ನೀವು ವಿಎಫ್‌ಆರ್ ಆಗಿದ್ದರೆ ನಿಮಗೆ ಸಿಗುವುದು 'ಅಲ್ಲೊಂದು ವಿಮಾನ ಇದೆ' ಎಂಬ ಮಾಹಿತಿ. ಅದನ್ನು ನೋಡಿ ತಪ್ಪಿಸಿಕೊಳ್ಳುವ ಕೆಲಸ ನಿಮ್ಮದೇ.

ಇ ಎಂದರೆ ಟರ್ಮಿನಲ್ ಪ್ರದೇಶಗಳ ಹೊರಗೆ ಎಟಿಸಿ ಸೇವೆ ಇರುವ ವಾಯುಮಾರ್ಗಗಳು. ಎಫ್ ಎಂದರೆ ಸಲಹಾ ಸೇವೆ ಮಾತ್ರ ಇರುವ ಮಾರ್ಗಗಳು. ಉಳಿದ ಆಕಾಶವೆಲ್ಲ ಜಿ. ಮಾನ್ವಿ, ಸಿರುಗುಪ್ಪ, ಕುಷ್ಟಗಿಯ ಹೊಲಗಳ ಮೇಲೆ ತಗ್ಗಿನಲ್ಲಿ ಹಾರುವಾಗ ನೀವು ಬಹುಪಾಲು ಜಿ ಯಲ್ಲಿರುತ್ತೀರಿ. ಆದರೆ 'ಬಹುಪಾಲು' ಎಂಬ ಮಾತನ್ನು ನಂಬಿ ಹಾರಬಾರದು. ಎಐಪಿಯಲ್ಲಿ ಇಎನ್‌ಆರ್ 1.4 ವರ್ಗೀಕರಣವನ್ನು ಹೇಳುತ್ತದೆ. ಒಂದೊಂದು ನಿಲ್ದಾಣದ ವಲಯದ ಗಡಿ, ಎತ್ತರ ಮತ್ತು ವರ್ಗ ಎಡಿ 2.17ರಲ್ಲಿ ಇರುತ್ತದೆ, ರೇಡಿಯೋ ಆವರ್ತನ ಎಡಿ 2.18ರಲ್ಲಿ, ಅಡೆತಡೆಗಳು ಎಡಿ 2.10ರಲ್ಲಿ. ನಿಷೇಧಿತ, ನಿರ್ಬಂಧಿತ, ಅಪಾಯಕಾರಿ ಪ್ರದೇಶಗಳಿಗೆ ಇಎನ್‌ಆರ್ 5.1. ಈ ಐದು ಪುಟ ಎಲ್ಲಿವೆ ಎಂದು ಗೊತ್ತಿದ್ದರೆ ಸಾಕು, ಅಂಕಿಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮಾಡಲೂಬಾರದು, ಯಾಕೆಂದರೆ 28 ದಿನಕ್ಕೊಂದು ಐರಾಕ್ ಚಕ್ರ (ಎಐಪಿ ತಿದ್ದುಪಡಿಯ ಸರದಿ) ಬರುತ್ತದೆ, ಅಂಕಿ ಬದಲಾಗುತ್ತದೆ. ಸಣ್ಣ ನಿಲ್ದಾಣಗಳ ಟವರ್ ದಿನವಿಡೀ ತೆರೆದಿರುವುದಿಲ್ಲ. ವಾಚ್ ಅವರ್ಸ್ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ಅದೇ ಎಐಪಿಯಲ್ಲೂ ಆ ದಿನದ ನೋಟಮ್‌ನಲ್ಲೂ (ಪೈಲಟ್‌ಗಳಿಗೆ ಕೊಡುವ ತುರ್ತು ಸೂಚನೆ) ನೋಡಬೇಕು.

ಪುಸ್ತಕದಲ್ಲಿ 'ಜಿ ವರ್ಗದಲ್ಲಿ ಕ್ಲಿಯರೆನ್ಸ್ ಬೇಡ' ಎಂದು ಓದಿ ನಿರಾಳವಾಗುವವರು ಭಾರತದಲ್ಲಿ ಎಡಿಸಿ ಎಂಬುದೊಂದು ಇದೆ ಎಂಬುದನ್ನು ಮರೆಯುತ್ತಾರೆ. ವಾಯುರಕ್ಷಣಾ ಅನುಮತಿಗೂ ಏರ್‌ಸ್ಪೇಸ್ ವರ್ಗಕ್ಕೂ ಸಂಬಂಧವಿಲ್ಲ. ಕ್ರಾಸ್‌ಕಂಟ್ರಿಗೆ (ಒಂದೂರಿನಿಂದ ಇನ್ನೊಂದೂರಿನ ಹಾರಾಟಕ್ಕೆ) ಹೊರಡುವ ಮುಂಚೆ ಫ್ಲೈಟ್ ಪ್ಲಾನ್ ಸಲ್ಲಿಸಿ, ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ಮತ್ತು ಎಡಿಸಿ ನಂಬರುಗಳನ್ನು ಪಡೆದು, ಮೊಣಕಾಲ ಮೇಲಿನ ಪ್ಯಾಡಿನಲ್ಲಿ ಬರೆದುಕೊಂಡೇ ಎಂಜಿನ್ ಚಾಲೂ ಮಾಡಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಮೂರೂ ಜಿಲ್ಲೆ ಚೆನ್ನೈ ಎಫ್‌ಐಆರ್ (ಹಾರಾಟ ಮಾಹಿತಿ ಪ್ರದೇಶ) ಒಳಗೆ ಬರುತ್ತವೆ. (ಡ್ರೋನ್ ನಕ್ಷೆಯ ಹಸಿರು, ಹಳದಿ, ಕೆಂಪು ವಲಯಗಳು ಬೇರೆಯೇ ಸಂಗತಿ. ಮದುವೆ ಶೂಟಿಂಗಿನವರು ಅದನ್ನೂ ಇದನ್ನೂ ಕಲಸಿಬಿಡುತ್ತಾರೆ. ಪೈಲಟ್ ಆಗುವವರು ಕಲಸಬಾರದು.)

<b>ಕೋಷ್ಟಕ ನಮ್ಮ ನೆಲಕ್ಕಿಳಿದಾಗ</b>

ಕೋಷ್ಟಕದಲ್ಲಿ ಮೂರು ಮಹಡಿ ಇವೆ. 10,000 ಅಡಿ ಮತ್ತು ಅದರ ಮೇಲೆ ಎಲ್ಲ ವರ್ಗಕ್ಕೂ 8 ಕಿಲೋಮೀಟರ್, ಮೋಡದಿಂದ 1,500 ಮೀಟರ್ ಮತ್ತು 1,000 ಅಡಿ. ತರಬೇತಿಯ ಸೆಸ್ನಾಕ್ಕೆ ಅದು ದೂರದ ಮಾತು. ಅದರ ಕೆಳಗಿನ ಮಹಡಿಯಲ್ಲಿ ಗೋಚರತೆ 5 ಕಿಲೋಮೀಟರಿಗೆ ಇಳಿಯುತ್ತದೆ, ಮೋಡದ ಅಂತರ ಅಷ್ಟೇ ಉಳಿಯುತ್ತದೆ. ನೆಲಮಹಡಿ ಎಂದರೆ ಸಮುದ್ರ ಮಟ್ಟದಿಂದ 3,000 ಅಡಿ ಅಥವಾ ನೆಲದಿಂದ 1,000 ಅಡಿ, ಎರಡರಲ್ಲಿ ಯಾವುದು ಎತ್ತರವೋ ಅದು ಮತ್ತು ಅದರ ಕೆಳಗೆ. ಎಫ್, ಜಿ ವರ್ಗಗಳಿಗೆ ಮಾತ್ರ ಇಲ್ಲೊಂದು ರಿಯಾಯಿತಿ: ಮೋಡಕ್ಕೆ ತಾಗದೆ, ನೆಲ ಕಾಣುತ್ತಿದ್ದರೆ ಸಾಕು. ಗೋಚರತೆ 5 ಕಿಲೋಮೀಟರ್ ಬೇಕೇ ಬೇಕು. ಡಿ ಮತ್ತು ಇ ವರ್ಗಕ್ಕೆ ನೆಲಮಹಡಿಯಲ್ಲೂ ಯಾವ ರಿಯಾಯಿತಿಯೂ ಇಲ್ಲ.

ಈಗ ಕಳೆಯೋಣ. ಬಳ್ಳಾರಿಯಲ್ಲಿ ನೆಲ 1,600. ನೆಲದಿಂದ 1,000 ಎಂದರೆ 2,600. ಅದಕ್ಕಿಂತ 3,000 ಎತ್ತರ, ಹಾಗಾಗಿ ನೆಲಮಹಡಿಯ ಮಾಳಿಗೆ 3,000 ಅಡಿಗೆ ನಿಂತಿತು. ಅಂದರೆ ಹೊಲದ ಮೇಲಿಂದ ಬರೀ 1,400 ಅಡಿ. ಕೊಪ್ಪಳದಲ್ಲಿ 1,300, ರಾಯಚೂರಿನಲ್ಲಿ 1,700. 'ಜಿ ವರ್ಗ, 3,000 ಅಡಿವರೆಗೆ ಮೋಡಕ್ಕೆ ತಾಗದಿದ್ದರೆ ಸಾಕು' ಎಂದು ಓದಿದವನ ಮನಸ್ಸಿನಲ್ಲಿ ಇರುವ ವಿಶಾಲ ಜಾಗದಲ್ಲಿ ಸುಮಾರು ಅರ್ಧವನ್ನು ನಮ್ಮ ನೆಲವೇ ನುಂಗಿಬಿಟ್ಟಿದೆ.

ಸಂಡೂರಿನ ಬೆಟ್ಟಸಾಲಿನ ಮೇಲೆ ಲೆಕ್ಕ ತಿರುಗುತ್ತದೆ. ಅಲ್ಲಿನ ನೆತ್ತಿಗಳು 3,000 ಅಡಿ ದಾಟುತ್ತವೆ, ಹಾಗಾಗಿ 'ನೆಲದಿಂದ 1,000' ಎಂಬುದೇ ಎತ್ತರದ ಅಂಕಿ. ಮಹಡಿಯ ಮಾಳಿಗೆ ಬೆಟ್ಟದ ಜೊತೆ 4,000ದ ಮೇಲೆ ಏರುತ್ತದೆ, ಬೆಟ್ಟ ದಾಟಿದ ಕೂಡಲೇ 3,000ಕ್ಕೆ ಕುಸಿಯುತ್ತದೆ. ಒಂದೇ ಎತ್ತರದಲ್ಲಿ ನೇರ ಹಾರುತ್ತಿದ್ದರೂ ನಿಮಗೆ ಅನ್ವಯಿಸುವ ನಿಯಮ ಎರಡು ನಿಮಿಷದಲ್ಲಿ ಬದಲಾಗಬಹುದು. ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲ, ಆಕಾಶ ಕೇಳುತ್ತದೆ.

ಇನ್ನು ಮೆಟಾರ್, ಅಂದರೆ ವಿಮಾನ ನಿಲ್ದಾಣದ ಹವಾಮಾನ ವರದಿ. ಅದರಲ್ಲಿನ ಮೋಡದ ಎತ್ತರ ನಿಲ್ದಾಣದ ನೆಲದಿಂದ ಅಳೆದದ್ದು. ಆಲ್ಟಿಮೀಟರಿಗೆ (ಎತ್ತರಮಾಪಕಕ್ಕೆ) ಕ್ಯೂಎನ್‌ಎಚ್, ಅಂದರೆ ಸಮುದ್ರ ಮಟ್ಟಕ್ಕೆ ಹೊಂದಿಸಿದ ಒತ್ತಡ, ಹಾಕಿದರೆ ಅದು ಸಮುದ್ರ ಮಟ್ಟದಿಂದ ತೋರಿಸುತ್ತದೆ. ಬಿಕೆಎನ್015 ಎಂದರೆ ತೋರಣಗಲ್ಲಿನಲ್ಲಿ ಆಲ್ಟಿಮೀಟರ್ 3,100ರ ಸುಮಾರು ತೋರಿಸುವಾಗ ಮೋಡ ತಲೆಗೆ ತಾಗುತ್ತದೆ. ಹುಬ್ಬಳ್ಳಿಯ ಮೆಟಾರ್ ನೋಡಿ ಬಳ್ಳಾರಿಗೆ ಅನ್ವಯಿಸುವವರು ಇನ್ನೊಂದು ಹೆಜ್ಜೆ ಹಾಕಬೇಕು. ಹುಬ್ಬಳ್ಳಿಯ ನೆಲ 2,200 ಅಡಿಯ ಹತ್ತಿರ. ಅಲ್ಲಿ 1,200ಕ್ಕೆ ಮೋಡ ಎಂದರೆ ಸಮುದ್ರ ಮಟ್ಟದಿಂದ 3,400. ಅದೇ ಮೋಡ ತೇಲಿ ಬಂದರೆ ಬಳ್ಳಾರಿಯಲ್ಲಿ ನೆಲದಿಂದ 1,800. ಆದರೆ ಅದೇ ಮೋಡ ಬರುವುದಿಲ್ಲ ಎಂಬುದೇ ವಿಷಯ. ಹುಬ್ಬಳ್ಳಿ ಘಟ್ಟದ ಅಂಚಿಗೆ ಹತ್ತಿರ, ನಾವು ಮಳೆನೆರಳಿನಲ್ಲಿ. ಮುಂಗಾರಿನಲ್ಲಿ ಅಲ್ಲಿ ಹೊದಿಕೆಯಂತಿರುವ ಮೋಡ ಗದಗ ದಾಟುವಷ್ಟರಲ್ಲಿ ಹರಿದು ಚಿಂದಿಯಾಗಿರಬಹುದು. ಪಡುವಣಕ್ಕೆ ಹೊರಟವನಿಗೆ ಇದು ಉಲ್ಟಾ: ಮನೆಯಲ್ಲಿ ಬಿಸಿಲು, ಹೋದಲ್ಲಿ ಕತ್ತಲು.

<b>1,500 ಅಡಿ ಸೀಲಿಂಗ್ ಎಂಬ ಬಲೆ</b>

ಮೊದಲಿನ ಪ್ರಶ್ನೆಗೆ ಬರೋಣ. ನಿಯಂತ್ರಣ ವಲಯದೊಳಗಿನ ನಿಲ್ದಾಣದಲ್ಲಿ ಸೀಲಿಂಗ್ 1,500 ಅಡಿಗಿಂತ ಕಡಿಮೆ ಇದ್ದರೆ, ಅಥವಾ ನೆಲದ ಗೋಚರತೆ 5 ಕಿಲೋಮೀಟರಿಗಿಂತ ಕಡಿಮೆ ಇದ್ದರೆ, ವಿಎಫ್‌ಆರ್ ವಿಮಾನ ಏಳಬಾರದು, ಇಳಿಯಬಾರದು, ಸರ್ಕ್ಯೂಟಿಗೆ ಸೇರಬಾರದು. ಇದು ಒಂದು ನಿಯಮ. ಡಿ ವರ್ಗದಲ್ಲಿ ಮೋಡದಿಂದ 1,000 ಅಡಿ ಕೆಳಗಿರಬೇಕು. ಇದು ಇನ್ನೊಂದು ನಿಯಮ. ಸರ್ಕ್ಯೂಟ್ ಎತ್ತರ ಸಾಮಾನ್ಯವಾಗಿ ನೆಲದಿಂದ 1,000 ಅಡಿ.

ಮೂರನ್ನೂ ಒಂದರ ಮೇಲೊಂದು ಇಡಿ. ಸೀಲಿಂಗ್ 1,500 ಇದ್ದರೆ ಮೊದಲ ನಿಯಮ ಸರಿ ಎನ್ನುತ್ತದೆ. ಸರ್ಕ್ಯೂಟ್ ಎತ್ತರಕ್ಕೆ ಹೋದರೆ ಮೋಡಕ್ಕೂ ನಿಮಗೂ 500 ಅಡಿ. ಎರಡನೆಯ ನಿಯಮ ಮುರಿಯಿತು. ಅಂದರೆ ಡಿ ವರ್ಗದಲ್ಲಿ ಸಾಮಾನ್ಯ ಸರ್ಕ್ಯೂಟಿಗೆ ನಿಜವಾಗಿ ಬೇಕಾದ ಮೋಡದ ತಳ 2,000 ಅಡಿ. ಹಾಗಾದರೆ ಬಿಕೆಎನ್015 ಇರುವಾಗ ಉತ್ತರ: ನಿಲ್ದಾಣ ವಿಎಫ್‌ಆರ್‌ಗೆ ತೆರೆದಿದೆ, ನಿಮ್ಮ ಸರ್ಕ್ಯೂಟಿಗೆ ತೆರೆದಿಲ್ಲ.

ಇದಕ್ಕಿಂತ ನುಣುಪಾದ ಬಲೆ ಎಸ್‌ಸಿಟಿ. ಸೀಲಿಂಗ್ ಎಂದರೆ 20,000 ಅಡಿಯ ಕೆಳಗೆ ಆಕಾಶದ ಅರ್ಧಕ್ಕಿಂತ ಹೆಚ್ಚು ಮುಚ್ಚಿರುವ ಅತಿ ತಗ್ಗಿನ ಪದರ. ಎಫ್‌ಇಡಬ್ಲ್ಯು ಎಂದರೆ ಎಂಟರಲ್ಲಿ 1-2 ಪಾಲು, ಎಸ್‌ಸಿಟಿ 3-4, ಬಿಕೆಎನ್ 5-7, ಒವಿಸಿ ಪೂರ್ತಿ 8. ಎಸ್‌ಸಿಟಿ ಅರ್ಧ ದಾಟದ ಕಾರಣ ಸೀಲಿಂಗ್ ಅಲ್ಲ. ಹೀಗೊಂದು ಮೆಟಾರ್ ಇದೆ ಎಂದುಕೊಳ್ಳಿ, ಉದಾಹರಣೆಗೆ ಕಟ್ಟಿದ್ದು:

ವಿಒಎಚ್‌ಬಿ 150230ಝಡ್ 27012ಕೆಟಿ 5000 ಬಿಆರ್ ಎಸ್‌ಸಿಟಿ012 ಬಿಕೆಎನ್020 23/21 ಕ್ಯೂ1008

ವಿಒಎಚ್‌ಬಿ ಎಂದರೆ ಹುಬ್ಬಳ್ಳಿ. 15ನೇ ತಾರೀಕು, 0230 ಯುಟಿಸಿ, ಅಂದರೆ ಬೆಳಗ್ಗೆ 8 ಗಂಟೆ. (ಐದೂವರೆ ಗಂಟೆ ಕೂಡಿಸಲು ಮರೆತು ಬೆಳಗಿನ ವರದಿಯನ್ನು ರಾತ್ರಿಯದೆಂದು ಓದುವುದು ಅಪರೂಪವೇನಲ್ಲ.) ಪಡುವಣ ಗಾಳಿ 12 ನಾಟ್, ಮಂಜುಮುಸುಕು, ಗೋಚರತೆ 5,000 ಮೀಟರ್, ಸೀಲಿಂಗ್ 2,000. ಕಾಗದದ ಮೇಲೆ ಎರಡೂ ಪಾಸ್. ಆದರೆ 1,200 ಅಡಿಗೆ ಆಕಾಶದ ಮೂರು ನಾಲ್ಕು ಪಾಲು ಮೋಡ ಚದುರಿದೆ. ಆ ಉಂಡೆಗಳಿಂದಲೂ 1,500 ಮೀಟರ್ ಅಡ್ಡಕ್ಕೆ ದೂರ ಇರಬೇಕು, ಇಲ್ಲವೇ 1,000 ಅಡಿ ಕೆಳಗೆ ಇರಬೇಕು. ಕೆಳಗೆ ಎಂದರೆ ನೆಲದಿಂದ 200 ಅಡಿ. ಸರ್ಕ್ಯೂಟ್ ಪೂರ್ತಿ ಅವುಗಳ ನಡುವೆ ನುಸುಳಿ ಹಾರುವುದು ಅಸಾಧ್ಯ. ಮೇಲಾಗಿ ಉಷ್ಣಾಂಶ 23, ಇಬ್ಬನಿ ಬಿಂದು (ಗಾಳಿಯ ತೇವ ನೀರಾಗತೊಡಗುವ ಉಷ್ಣಾಂಶ) 21, ನಡುವೆ ಎರಡೇ ಡಿಗ್ರಿ. ಸ್ವಲ್ಪ ತಂಪಾದರೂ 5,000 ಎಂಬುದು 3,000ಕ್ಕೆ ಬೀಳಬಹುದು. ನಿಯಮದ ತುದಿಯಲ್ಲಿ ನಿಂತ ಅಂಕಿಯನ್ನು ನೋಡಿದಾಗ 'ಸಾಕು' ಎಂದುಕೊಳ್ಳಬೇಡಿ, 'ಯಾವ ಕಡೆ ಹೊರಟಿದೆ' ಎಂದು ಕೇಳಿ.

ಆ ಎರಡು ಡಿಗ್ರಿಯಿಂದ ಮೋಡದ ತಳವನ್ನೂ ಅಂದಾಜು ಮಾಡಬಹುದು. ಉಷ್ಣಾಂಶದಿಂದ ಇಬ್ಬನಿ ಬಿಂದು ಕಳೆದು 400ರಿಂದ ಗುಣಿಸಿ, ನೆಲದಿಂದ ಎಷ್ಟು ಅಡಿಗೆ ಗುಡ್ಡೆಮೋಡ ಕಟ್ಟುತ್ತದೆ ಎಂಬುದು ಬರುತ್ತದೆ. ಮೇ ಮಧ್ಯಾಹ್ನ 40/18 ಇದ್ದರೆ 8,800 ಅಡಿ. ಜುಲೈ ಮಧ್ಯಾಹ್ನ 28/22 ಇದ್ದರೆ 2,400. ಅದೇ ಜುಲೈ ಬೆಳಗ್ಗೆ 24/22 ಇದ್ದರೆ 800. ನೆಲದ ಬಿಸಿಯಿಂದ ಏಳುವ ಮೋಡಕ್ಕಷ್ಟೇ ಈ ಲೆಕ್ಕ ಹೊಂದುತ್ತದೆ, ದೂರದಿಂದ ತೇಲಿಬಂದ ಪದರಕ್ಕೆ ಹೊಂದುವುದಿಲ್ಲ.

<b>1,500 ಮೀಟರ್ ಯಾಕೆ?</b>

ಈ ಅಂಕಿಯ ಹಿಂದಿನ ಅರ್ಥವನ್ನು ಲೆಕ್ಕ ಹಾಕಿ ನೋಡಿದರೆ ಮರೆಯುವುದಿಲ್ಲ. 90 ನಾಟ್ ವೇಗದಲ್ಲಿ ನೀವು ಸೆಕೆಂಡಿಗೆ ಸುಮಾರು 46 ಮೀಟರ್ ಹೋಗುತ್ತೀರಿ. 1,500 ಮೀಟರ್ 32 ಸೆಕೆಂಡ್. 5 ಕಿಲೋಮೀಟರ್ 108 ಸೆಕೆಂಡ್. ಎದುರಿಗೆ ಅದೇ ವೇಗದ ಇನ್ನೊಂದು ವಿಮಾನ ಬಂದರೆ 54 ಸೆಕೆಂಡ್. ಮೋಡದಿಂದ ಐಎಫ್‌ಆರ್ ವಿಮಾನವೊಂದು ಹೊರಬಿದ್ದರೆ ಇಬ್ಬರಿಗೂ ನೋಡಿ, ಗುರುತಿಸಿ, ತಿರುಗಲು ಸಮಯ ಬೇಕು. ಅದಕ್ಕೇ ಆ ಅಂತರ.

ಇನ್ನೊಂದು ಕಾರಣ ನಿಮ್ಮದೇ ತಿರುವು. ಸೆಕೆಂಡಿಗೆ 3 ಡಿಗ್ರಿಯ ರೇಟ್-ಒನ್ ತಿರುವಿನಲ್ಲಿ 90 ನಾಟ್‌ಗೆ ತ್ರಿಜ್ಯ ಸುಮಾರು 880 ಮೀಟರ್. ಮುಂದಿರುವ ಮೋಡದಿಂದ 1,500 ಮೀಟರ್ ದೂರದಲ್ಲೇ ತಿರುಗಲು ಶುರು ಮಾಡಿದರೆ 600 ಮೀಟರ್ ಉಳಿಸಿಕೊಂಡು ವಾಪಸ್ ಬರುತ್ತೀರಿ. 'ಇನ್ನೊಂದು ಸ್ವಲ್ಪ ನೋಡೋಣ' ಎಂದು 15 ಸೆಕೆಂಡ್ ಮುಂದೆ ಹೋದರೆ ತಿರುವಿನ ನೆತ್ತಿ ಮೋಡದೊಳಗೆ. ಪೂರ್ತಿ ಅರ್ಧವೃತ್ತದ ಅಗಲ 1.77 ಕಿಲೋಮೀಟರ್, ಹಾಗಾಗಿ ಪಕ್ಕದಲ್ಲಿ ಬೆಟ್ಟವೋ ಮೋಡವೋ ಇದ್ದರೆ ಅದರ ವಿರುದ್ಧ ದಿಕ್ಕಿಗೇ ತಿರುಗಬೇಕು.

ಇದೇ ಕಾರಣಕ್ಕೆ ಸ್ಪೆಷಲ್ ವಿಎಫ್‌ಆರ್ (ಮಿನಿಮಾಕ್ಕಿಂತ ಕಡಿಮೆ ಹವಾಮಾನದಲ್ಲಿ ಹಾರಲು ಕೊಡುವ ಅನುಮತಿ) ವಿದ್ಯಾರ್ಥಿಗಳ ಆಟಿಕೆ ಅಲ್ಲ. ನಿಯಂತ್ರಣ ವಲಯದಲ್ಲಿ ಗೋಚರತೆ 1,500 ಮೀಟರಿಗೆ ಇಳಿದರೂ ಎಟಿಸಿ ಇದನ್ನು ಕೊಡಬಹುದು, ಪೈಲಟ್ ಕೇಳಬೇಕು. ಕೇಳಿ ಪಡೆದವನಿಗೆ ಕಾಣುವ ದೂರ ಅವನ ತಿರುವಿನ ಅಗಲಕ್ಕಿಂತ ಕಡಿಮೆ. ಎಸ್‌ಪಿಎಲ್ (ವಿದ್ಯಾರ್ಥಿ ಪೈಲಟ್ ಲೈಸೆನ್ಸ್) ಇರುವವರು ಇನ್‌ಸ್ಟ್ರಕ್ಟರ್ ಅನುಮತಿ ಮತ್ತು ನಿಗಾದಲ್ಲಿ, ವಿಎಫ್‌ಆರ್‌ನಲ್ಲಿ ಮಾತ್ರ, ಪ್ರಯಾಣಿಕರಿಲ್ಲದೆ ಹಾರಬೇಕು. ಸೋಲೋದಲ್ಲಿ (ಒಬ್ಬನೇ ಹಾರುವಾಗ) ಸ್ಪೆಷಲ್ ವಿಎಫ್‌ಆರ್ ಕೇಳುವ ಪರಿಸ್ಥಿತಿ ಬಂದಿದೆ ಎಂದರೆ ತಪ್ಪು ಅರ್ಧ ಗಂಟೆ ಮುಂಚೆಯೇ ನಡೆದಿದೆ.

<b>ಎತ್ತರದ ಕೆಳಮಿತಿ ಮತ್ತು ಚಿಮಣಿಗಳು</b>

ಊರಿನ ಜನವಸತಿ ಮೇಲೆ ಹಾರುವಾಗ 600 ಮೀಟರ್ ತ್ರಿಜ್ಯದೊಳಗಿರುವ ಅತಿ ಎತ್ತರದ ಅಡೆತಡೆಗಿಂತ 1,000 ಅಡಿ ಮೇಲಿರಬೇಕು. ಬೇರೆಡೆ ನೆಲದಿಂದ 500 ಅಡಿ. ಈ 500 ಅಡಿಯನ್ನು ನಮ್ಮ ಕಡೆ ಕಣ್ಣುಮುಚ್ಚಿ ನಂಬಿದರೆ ಕೆಟ್ಟಿರಿ. 500 ಮೆಗಾವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಉಷ್ಣ ವಿದ್ಯುತ್ ಘಟಕಗಳಿಗೆ ಪರಿಸರ ನಿಯಮ ಕೇಳಿದ್ದು 275 ಮೀಟರ್ ಚಿಮಣಿ, ಅಂದರೆ 900 ಅಡಿ. ಕುಡತಿನಿ, ಯರಮರಸ್ ಎರಡೂ ಆ ಗಾತ್ರದ ಘಟಕಗಳಿರುವ ಜಾಗ. ಕುಡತಿನಿಯ ಸುತ್ತ ಹೊಲದ ಮೇಲೆ 500 ಅಡಿಯಲ್ಲಿ ಹಾರುವವನು ಕಾನೂನು ಪಾಲಿಸುತ್ತಲೇ ಚಿಮಣಿಯ ತುದಿಗಿಂತ 400 ಅಡಿ ಕೆಳಗಿರುತ್ತಾನೆ. ಕೊಪ್ಪಳ, ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳೂ ಹೀಗೆಯೇ. ರೆಕ್ಕೆಯ ತುದಿ 500 ಅಡಿ ತಲುಪುವ ಯಂತ್ರಗಳಿವೆ, ಮಂಜಿನ ಬೆಳಗಿನಲ್ಲಿ ಬಿಳಿ ರೆಕ್ಕೆ ಬಿಳಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ.

ಕ್ರಾಸ್‌ಕಂಟ್ರಿಯಲ್ಲಿ 3,000 ಅಡಿಯ ಮೇಲೆ ಅರ್ಧವೃತ್ತದ ನಿಯಮ: ಮ್ಯಾಗ್ನೆಟಿಕ್ ಟ್ರ್ಯಾಕ್ 000ರಿಂದ 179 ಇದ್ದರೆ ಬೆಸ ಸಾವಿರ ಮತ್ತು 500, ಅಂದರೆ ಎಫ್‌ಎಲ್55, 75 (ಎಫ್‌ಎಲ್ ಎಂದರೆ 1013.2ರಿಂದ ಅಳೆದ ಎತ್ತರ, ನೂರು ಅಡಿಗಳ ಲೆಕ್ಕದಲ್ಲಿ). 180ರಿಂದ 359 ಇದ್ದರೆ ಸಮ ಸಾವಿರ ಮತ್ತು 500, ಎಫ್‌ಎಲ್45, 65. ತೋರಣಗಲ್ಲಿನಿಂದ ರಾಯಚೂರಿನ ಕಡೆ ಈಶಾನ್ಯಕ್ಕೆ ಹೋದರೆ 55, ಬರುವಾಗ 45 ಅಥವಾ 65. ಹುಬ್ಬಳ್ಳಿಗೆ ಪಡುವಣಕ್ಕೆ ಹೋಗುವವನು 45 ಆರಿಸುತ್ತಾನೆ, ಅಲ್ಲೇ ಎಡವುತ್ತಾನೆ. ಬೇಸಿಗೆಯಲ್ಲಿ ಕ್ಯೂಎನ್‌ಎಚ್ 1005 ಇದ್ದರೆ 1013ಕ್ಕೂ ಅದಕ್ಕೂ 8 ಹೆಕ್ಟೋಪಾಸ್ಕಲ್ ಅಂತರ, ಒಂದಕ್ಕೆ 28 ಅಡಿಯಂತೆ 220 ಅಡಿ ನಷ್ಟ. ಎಫ್‌ಎಲ್45 ಎಂದರೆ ನಿಜದಲ್ಲಿ 4,280. ದಾರಿಯಲ್ಲಿ ಸಂಡೂರು ಸಾಲಿನ ಬಡಗಣ ತುದಿ ಇದೆ. ಬೆಟ್ಟದ ಮೇಲಿನ ಅಂತರ ಸಾವಿರ ಅಡಿಯ ಆಸುಪಾಸಿಗೆ ಇಳಿಯಿತು. ಬಿಸಿಗಾಳಿ ಸ್ವಲ್ಪ ಎತ್ತರವನ್ನು ಮರಳಿಸುತ್ತದೆ ನಿಜ, ಆದರೆ ಅದನ್ನು ಜೇಬಿನ ದುಡ್ಡು ಎಂದು ಎಣಿಸಬೇಡಿ. ಟ್ರಾನ್ಸಿಷನ್ ಲೆವೆಲ್ (ಎಫ್‌ಎಲ್ ಲೆಕ್ಕ ಶುರುವಾಗುವ ಅತಿ ತಗ್ಗಿನ ಮಟ್ಟ) ಎಫ್‌ಎಲ್45ರ ಮೇಲಿದ್ದರೆ ಆ ಲೆವೆಲ್ ಸಿಗುವುದೇ ಇಲ್ಲ. 65 ಕೇಳುವುದು ಒಳ್ಳೆಯದು. ವಿಎಫ್‌ಆರ್‌ಗೆ ಮೇಲ್ಮಿತಿ ಎಫ್‌ಎಲ್150, ಅದು ಹೇಗೂ ದೂರ.

ಹೊತ್ತಿನ ಮಿತಿಯೂ ಇದೆ: ಸೂರ್ಯ ಮುಳುಗಿ 20 ನಿಮಿಷದ ನಂತರ, ಸೂರ್ಯ ಹುಟ್ಟುವುದಕ್ಕೆ 20 ನಿಮಿಷ ಮುಂಚಿನವರೆಗೆ ವಿಎಫ್‌ಆರ್ ಇಲ್ಲ. ಎಟಿಸಿ ಅನುಮತಿಸುವ ಸ್ಥಳೀಯ ಮತ್ತು ತರಬೇತಿ ಹಾರಾಟಗಳಿಗೆ ವಿನಾಯಿತಿ ಉಂಟು.

<b>ನಮ್ಮ ಹವಾಮಾನ, ಮಳೆ ನಕ್ಷತ್ರದ ಪ್ರಕಾರ</b>

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ತಮಾಷೆ ಹಳೆಯದು. ಹಾರುವವರಿಗೆ ಕಾಲಗಳು ನಾಲ್ಕಿವೆ.

'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎನ್ನುತ್ತಾರೆ ರೈತರು. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಬರುವ ಆ ಅಡ್ಡಮಳೆಯನ್ನು ತರುವುದು ಕ್ಯುಮುಲೋನಿಂಬಸ್ (ಸಿಬಿ) ಎಂಬ ಗುಡುಗುಮೋಡ. ಬೆಳಗ್ಗೆ ಕ್ಯಾವೊಕೆ ಇರುತ್ತದೆ, ಅಂದರೆ 10 ಕಿಲೋಮೀಟರ್ ಗೋಚರತೆ, 5,000 ಅಡಿಯ ಕೆಳಗೆ ಮೋಡವಿಲ್ಲ, ಸಿಬಿ ಇಲ್ಲ. ಮೂರು ಗಂಟೆಯ ಹೊತ್ತಿಗೆ ಹೂಕೋಸು ಏಳುತ್ತದೆ. ನಾಲ್ಕಕ್ಕೆ ಅದರ ಕೆಳಗಿನಿಂದ ನುಗ್ಗುವ ಗಾಳಿ ಮಳೆಗಿಂತ ಮೈಲಿಗಟ್ಟಲೆ ಮುಂದೆ ಕೆಂಧೂಳನ್ನು ಎಬ್ಬಿಸಿಕೊಂಡು ಬರುತ್ತದೆ. ಗೋಚರತೆ 8,000ದಿಂದ 1,000ಕ್ಕೆ ಬೀಳಲು ಐದು ನಿಮಿಷ ಸಾಕು. ಆ ಹೊತ್ತಿನಲ್ಲಿ ವಿದ್ಯಾರ್ಥಿ 20 ನಾಟಿಕಲ್ ಮೈಲಿ ದೂರವೇ ಇರಬೇಕು, ಅದಕ್ಕಿಂತ ಒಳ್ಳೆಯದು ವಿಮಾನವನ್ನು ಕಟ್ಟಿಹಾಕಿ ಚಹಾ ಕುಡಿಯುತ್ತಿರುವುದು.

ಅದೇ ಕಾಲದಲ್ಲಿ ಕೋಷ್ಟಕದಲ್ಲಿಲ್ಲದ ಇನ್ನೊಂದು ಮಿನಿಮಾ ಇದೆ: ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ತೆಳುವಾಗಿದೆಯೋ ಅದಕ್ಕೆ ತಕ್ಕ ಎತ್ತರ. ನೆಲ 1,600, ಕ್ಯೂಎನ್‌ಎಚ್ 1005, ಹಾಗಾಗಿ ಪ್ರೆಷರ್ ಆಲ್ಟಿಟ್ಯೂಡ್ (1013.2ರಿಂದ ಅಳೆದ ಎತ್ತರ) 1,820. ಆ ಎತ್ತರಕ್ಕೆ ಪ್ರಮಾಣ ಉಷ್ಣಾಂಶ 11.4 ಡಿಗ್ರಿ. ಹೊರಗೆ 41. ವ್ಯತ್ಯಾಸ 29.6, ಡಿಗ್ರಿಗೆ 120 ಅಡಿಯಂತೆ 3,550. ಕೂಡಿದರೆ ಸುಮಾರು 5,400 ಅಡಿ. ರನ್‌ವೇ ತೋರಣಗಲ್ಲಿನಲ್ಲಿದ್ದರೂ ರೆಕ್ಕೆಗೂ ಎಂಜಿನ್ನಿಗೂ ಅದು 5,400 ಅಡಿಯ ಬೆಟ್ಟ. ಆಕಾಶ ನಿರ್ಮಲವಾಗಿದೆ, ಎಲ್ಲ ಮಿನಿಮಾ ಪಾಸ್, ಆದರೂ ವಿಮಾನ ಏಳಲು ಒಲ್ಲೆ ಎನ್ನುತ್ತದೆ. ಬೆಳಗ್ಗೆ 6ರಿಂದ 10 ಹಾರಿ, ಮಧ್ಯಾಹ್ನ ಓದಿ.

ಜೂನ್‌ನಿಂದ ಆಗಸ್ಟ್ ನಮ್ಮಲ್ಲಿ ಮಳೆಗಿಂತ ಗಾಳಿ ಹೆಚ್ಚು. ಬೆಳಗ್ಗೆ 1,500-2,500 ಅಡಿಗೆ ಸ್ಟ್ರಾಟೋಕ್ಯುಮುಲಸ್, ಬಿಸಿಲೇರಿದಂತೆ ತಳ ಮೇಲೇಳುತ್ತದೆ, ಗಾಳಿಯೂ ಜೋರಾಗುತ್ತದೆ. ಮೋಡ ಒಪ್ಪುವ ಹೊತ್ತಿಗೆ ಗಾಳಿ ಒಪ್ಪುವುದಿಲ್ಲ. ರನ್‌ವೇ 31, ಗಾಳಿ 270ರಿಂದ 20 ನಾಟ್ ಎಂದಿಟ್ಟುಕೊಳ್ಳಿ. ಕೋನ 40 ಡಿಗ್ರಿ, ಅಡ್ಡಗಾಳಿ 13 ನಾಟ್. ಸೆಸ್ನಾ 152ರಲ್ಲಿ ತಯಾರಕರು ತೋರಿಸಿಕೊಟ್ಟ ಅಡ್ಡಗಾಳಿ 12, 172ರಲ್ಲಿ 15. ಸೋಲೋ ವಿದ್ಯಾರ್ಥಿ ಅದರ ಅರ್ಧಕ್ಕೆ ನಿಲ್ಲುವುದು ಸೂಕ್ತ.

ಉತ್ತರಿ, ಹಸ್ತ, ಚಿತ್ತಿ ಮಳೆಗಳ ಹೊತ್ತು, ಸೆಪ್ಟೆಂಬರ್-ಅಕ್ಟೋಬರ್, ನಮಗೆ ನಿಜವಾದ ಮಳೆಗಾಲ. ಮೋಡ ತಗ್ಗು, ಗುಡುಗು ರಾತ್ರಿಯೂ ಉಂಟು. ಪಾಠ ಓದಲು ಒಳ್ಳೆಯ ತಿಂಗಳುಗಳು.

ಡಿಸೆಂಬರ್-ಜನವರಿ ಎಲ್ಲರೂ ಕಾಯುವ ಕಾಲ, ಅದಕ್ಕೇ ಎಚ್ಚರ ತಪ್ಪುವ ಕಾಲವೂ ಹೌದು. ತುಂಗಭದ್ರೆಯ ಹಿನ್ನೀರು, ಗಂಗಾವತಿ-ಸಿಂಧನೂರು-ಸಿರುಗುಪ್ಪದ ನೀರು ನಿಂತ ಭತ್ತದ ಗದ್ದೆ, ಗಾಳಿಯಿಲ್ಲದ ತಣ್ಣನೆ ರಾತ್ರಿ, ಮೇಲಿಂದ ಹುಲ್ಲು ಸುಟ್ಟ ಹೊಗೆ ಮತ್ತು ಅದಿರಿನ ಧೂಳು. ಒಣ ಬಳ್ಳಾರಿಯಲ್ಲಿ ಗೋಚರತೆ ಚೆನ್ನಾಗಿದ್ದರೂ ಗದ್ದೆ ಬಯಲಿನ ಮೇಲೆ ಹಾಲು ಚೆಲ್ಲಿದಂತಿರುತ್ತದೆ. ನೆಟ್ಟಗೆ ಕೆಳಗೆ ನೋಡಿದರೆ ಕಾಲುವೆ ಸ್ಪಷ್ಟ, ಓರೆಯಾಗಿ ಮುಂದೆ ನೋಡಿದರೆ ಏನೂ ಇಲ್ಲ, ಅದರಲ್ಲೂ ಬೆಳಗಿನ ಸೂರ್ಯನೆದುರು ಮೂಡಣಕ್ಕೆ ಹಾರುವಾಗ. ಟವರ್ ಹೇಳುವುದು ನೆಲದ ಗೋಚರತೆ, ನಿಮಗೆ ಬೇಕಾದದ್ದು ಕಾಕ್‌ಪಿಟ್ಟಿನಿಂದ ಮುಂದಕ್ಕೆ ಕಾಣುವ ಹಾರಾಟದ ಗೋಚರತೆ. ಅದನ್ನು ಅಳೆಯಲು ನಿಮ್ಮ ರನ್‌ವೇಯಿಂದ ನಾಲ್ಕೂ ದಿಕ್ಕಿಗೆ 2, 5, 8 ಕಿಲೋಮೀಟರ್ ದೂರದ ಗುರುತುಗಳನ್ನು ನಕ್ಷೆಯಲ್ಲಿ ಅಳೆದು ಬರೆದಿಟ್ಟುಕೊಳ್ಳಿ: ಚಿಮಣಿ, ನೀರಿನ ಟ್ಯಾಂಕು, ರೈಲ್ವೆ ಸೇತುವೆ, ಗುಡ್ಡ. 5 ಕಿಲೋಮೀಟರಿನ ಗುರುತು ಕಾಣದಿದ್ದರೆ ಟವರ್ ಏನೇ ಹೇಳಲಿ, ನಿಮಗೆ ಮಿನಿಮಾ ಇಲ್ಲ.

ಸೋಲೋಗೆ ಸ್ವಂತದ ಅಂಕಿ ಇಟ್ಟುಕೊಳ್ಳಿ. ಮೊದಲ 20 ಗಂಟೆಗೆ ನಮ್ಮ ಸಲಹೆ: ಸರ್ಕ್ಯೂಟಿಗೆ 6 ಕಿಲೋಮೀಟರ್ ಮತ್ತು ಮೋಡದ ತಳ ನೆಲದಿಂದ 2,500. ಕ್ರಾಸ್‌ಕಂಟ್ರಿಗೆ 8 ಕಿಲೋಮೀಟರ್, ಹಾರಬೇಕಾದ ಎತ್ತರಕ್ಕಿಂತ 1,500 ಅಡಿ ಮೇಲೆ ಮೋಡ, ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ಕನಿಷ್ಠ 4 ಡಿಗ್ರಿ ಅಂತರ. ಇವನ್ನು ನೆಲದ ಮೇಲೆ ನಿಂತಾಗ ಬರೆಯಬೇಕು. ಗಾಳಿಯಲ್ಲಿ ಇದ್ದಾಗ ಎಲ್ಲ ಅಂಕಿಗಳೂ ಚೌಕಾಸಿಗೆ ಬರುತ್ತವೆ.

ಇಷ್ಟೆಲ್ಲ ಆದ ಮೇಲೂ ಮುಂದೆ ನೆಲ ಮಸುಕಾಗತೊಡಗಿದರೆ, ಮೋಡದೊಳಗೆ ಹೋಗುವ ಮುಂಚೆಯೇ, ಈ ಕ್ರಮ: ಈಗಿನ ಹೆಡಿಂಗ್ ಜೋರಾಗಿ ಹೇಳಿ, ಅದಕ್ಕೆ 180 ಕೂಡಿಸಿ ಅಥವಾ ಕಳೆದು ವಾಪಸಿನ ಹೆಡಿಂಗ್ ಹೇಳಿ. ಕಣ್ಣು ಕೃತಕ ದಿಗಂತಕ್ಕೆ. ಸುಮಾರು 14 ಡಿಗ್ರಿ ವಾಲಿಸಿ, ಎತ್ತರ ಹಿಡಿದು, ಗಡಿಯಾರ ನೋಡಿ ಒಂದು ನಿಮಿಷ ತಿರುಗಿ. ಕೆಳಕ್ಕಿಳಿದು ನೆಲ ಹುಡುಕಬೇಡಿ, ಕುಡತಿನಿಯ ಚಿಮಣಿ ನೆನಪಿರಲಿ. ರೆಕ್ಕೆ ಸಮ ಮಾಡಿ, ಬಂದ ದಾರಿಯಲ್ಲೇ ನೇರ ಹಾರಿ. ನೆಲ ಮತ್ತೆ ಕಂಡು, ವಿಮಾನ ನೆಟ್ಟಗಾದ ಮೇಲಷ್ಟೇ ಮೈಕಿನ ಗುಂಡಿ ಒತ್ತಿ, ವಾಪಸ್ ಬರುತ್ತಿದ್ದೇನೆ ಎಂದು ಟವರಿಗೆ ಹೇಳಿ.